ಒಂಬತ್ತರ ಹುಡುಗನಿಗೆ ಲೆದರ್ ಬಾಲಿನ ವೇಗದ ಬೌಲಿಂಗ್ ಸರಿಯೇ?

ಪ್ರಶ್ನೆ (ಒಬ್ಬ ತಂದೆ, ಮೈಸೂರು):
ಇಷ್ಟು ದಿನ ಬೀದಿಯಲ್ಲಿ ಟೆನಿಸ್ ಬಾಲಿನಲ್ಲಿ ಆಡುತ್ತಿದ್ದ ನನ್ನ ಒಂಬತ್ತು ವರ್ಷದ ಮಗನನ್ನು ಕ್ರಿಕೆಟ್ ಬೇಸಿಗೆ ಶಿಬಿರಕ್ಕೆ ಸೇರಿಸಿದ್ದೇನೆ. ಅವನ ತೋಳಿನಲ್ಲಿ ವೇಗವಿದೆಯೆಂದು ತರಬೇತುದಾರರು ವಾರಕ್ಕೆ ಆರು ದಿನ, ಲೆದರ್ ಬಾಲಿನಲ್ಲಿ, 22 ಗಜದ ಪೂರ್ಣ ಪಿಚ್ಚಿನಲ್ಲೇ ಬೌಲ್ ಮಾಡಿಸುತ್ತಿದ್ದಾರೆ. ಎರಡು ವಾರದಿಂದ ಅವನು ಸೊಂಟ ನೋವೆನ್ನುತ್ತಿದ್ದಾನೆ; ಅಭ್ಯಾಸವಾದರೆ ಹೋಗುತ್ತದೆ ಎಂಬುದು ಅವರ ಉತ್ತರ. ಶಿಬಿರ ಬಿಡಿಸಬೇಕೇ, ಸ್ವಲ್ಪ ಕಾಯಬಹುದೇ?

ಉತ್ತರ 1 (ಫಿಸಿಯೋಥೆರಪಿಸ್ಟ್):
ಕಾಯಬೇಡಿ. ಇಂದೇ ಬೌಲಿಂಗ್ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಚೆಂಡು ಬಿಡುವ ಹೊತ್ತಿಗೆ ವೇಗದ ಬೌಲರನ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಆಗಲೇ ಮುಂಗಾಲು ನೆಲಕ್ಕೆ ಬಡಿದ ಪೆಟ್ಟೂ ಮೇಲೇರುತ್ತದೆ. ಇನ್ನೂ ಬಲಿಯದ ಕೆಳಬೆನ್ನಿನ ಮೂಳೆಗಳ ಮೇಲೆ ಈ ಒತ್ತಡ ವಿಶ್ರಾಂತಿಯಿಲ್ಲದೆ ದಿನವೂ ಬಿದ್ದರೆ ಕೂದಲೆಳೆಯಂಥ ಬಿರುಕು ಮೂಡಬಹುದು, ಮತ್ತು ಮೊದಮೊದಲು ಅದು ಎಕ್ಸ್‌ರೇಯಲ್ಲಿ ಸಿಗದೆ ಎಂಆರ್‌ಐಯಲ್ಲಷ್ಟೇ ಕಾಣುವುದುಂಟು. ಆದ್ದರಿಂದ ಎಕ್ಸ್‌ರೇ ಸರಿಯಿದ್ದೂ ನೋವು ಉಳಿದರೆ ಸುಮ್ಮನಾಗಬೇಡಿ. ಹದಿಮೂರರೊಳಗಿನ ವೇಗದ ಬೌಲರುಗಳಿಗೆ ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯು ಒಂದು ಸ್ಪೆಲ್ಲಿಗೆ (ಒಂದೇ ಸರದಿಯಲ್ಲಿ ಮಾಡುವ ಬೌಲಿಂಗಿಗೆ) 5, ದಿನಕ್ಕೆ 10 ಓವರುಗಳ ಮಿತಿ ವಿಧಿಸಿದ್ದು ಇದೇ ಭಯದಿಂದ. ನಿಮ್ಮ ಮಗ ನೆಟ್ಸಿನಲ್ಲಿ ದಿನಕ್ಕೆ ಎಷ್ಟು ಚೆಂಡು ಎಸೆಯುತ್ತಾನೆಂದು ಯಾರಾದರೂ ಎಣಿಸಿದ್ದಾರೆಯೇ?

ಉತ್ತರ 2 (ನಿವೃತ್ತ ಅಂಪೈರ್):
ಚೆಂಡಿನ ತೂಕವನ್ನೂ ವಿಚಾರಿಸಿ, ಸರ್. ದೊಡ್ಡವರ ಚೆಂಡು ಸುಮಾರು 156ರಿಂದ 163 ಗ್ರಾಂ. ಹದಿಮೂರರೊಳಗಿನವರಿಗೆ ನಿಯಮಾವಳಿಯಲ್ಲೇ 133ರಿಂದ 144 ಗ್ರಾಮಿನ ಚೆಂಡಿದೆ. ಒಂದೇ ಅಳತೆಯ ಚೆಂಡನ್ನು ಎಲ್ಲರಿಗೂ ಕೊಡುವ ಶಿಬಿರಗಳನ್ನು ನಾನೇ ಕಂಡಿದ್ದೇನೆ. ಪಿಚ್ಚನ್ನು ನಾಲ್ಕೈದು ಗಜ ಕಿರಿದುಗೊಳಿಸಿದರೆ, ಬ್ಯಾಟರನವರೆಗೆ ಚೆಂಡು ಮುಟ್ಟಿಸಲೆಂದೇ ಹುಡುಗ ಮೈಯನ್ನೆಲ್ಲ ಎಸೆಯುವುದು ತಪ್ಪುತ್ತದೆ.

ಉತ್ತರ 3 (ಒಬ್ಬ ತಾಯಿ, ಹಾಸನ):
ವಾರಕ್ಕೆ ಒಂದೆರಡು ದಿನ ಪೂರ್ಣ ಬಿಡುವಿರಬೇಕೆಂದೂ, ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು ಹದಿಹರೆಯದವರೆಗೆ ಮುಂದೂಡಬೇಕೆಂದೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡುತ್ತದೆ. ನನ್ನ ಮಗಳು ವಾರಕ್ಕೆ ಮೂರು ದಿನ ಖೋ ಖೋ ಆಡಿ, ಉಳಿದ ದಿನ ಸೈಕಲ್ ತುಳಿಯುತ್ತಾಳೆ. ಶಿಬಿರದವರು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಬೌಲಿಂಗ್ ನಿಲ್ಲಿಸಿ, ಗುರುವಾರಕ್ಕೆ ವೈದ್ಯರ ಸಮಯ ಪಡೆದಿದ್ದೇನೆ. ಚೆಂಡನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ: 160 ಗ್ರಾಂ.