ಡಯಾಬಿಟಿಕ್ ಕಿಡ್ನಿ ಕಾಯಿಲೆ: ಉರಿಯೂತವೇ ಕಾರಣ ಅಂದಮೇಲೆ ಅದನ್ನೇ ತಡೆಯುವ ಮಾತ್ರೆ ಯಾಕಿಲ್ಲ?

ಬಯೋಕೆಮ್_ಕೊನೆಬೆಂಚು:
ಎಂಎಸ್ಸಿ ಸೆಮಿನಾರ್‌ಗೆ ಈ ವಿಷಯ ತಗೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಉರಿಯೂತ ಎಬ್ಬಿಸುವ ದಾರಿಗಳಲ್ಲಿ ಒಂದು ಪೇಪರ್ ಎನ್‌ಎಫ್-ಕಪ್ಪಾ-ಬಿ (ಜೀನ್‌ಗಳನ್ನು ಆನ್ ಮಾಡುವ ಪ್ರೋಟೀನ್) ಮುಖ್ಯ ಅನ್ನುತ್ತದೆ, ಇನ್ನೊಂದು ಜ್ಯಾಕ್-ಸ್ಟ್ಯಾಟ್ (ಹೊರಗಿನ ಸಂದೇಶವನ್ನು ಜೀವಕೋಶದೊಳಗೆ ಸಾಗಿಸುವ ದಾರಿ), ಮತ್ತೊಂದು ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ (ಉರಿಯೂತಕ್ಕೆ ಚಾಲನೆ ಕೊಡುವ ಪ್ರೋಟೀನ್‌ಗಳ ಗುಂಪು). ಬಾಣದ ಗುರುತುಗಳೆಲ್ಲ ಹೋಗಿ ನಿಲ್ಲುವುದು ಮಾತ್ರ ಫೈಬ್ರೋಸಿಸ್ (ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗುವುದು) ಹತ್ತಿರ. ಇವುಗಳಲ್ಲಿ ಮೊದಲು ಶುರುವಾಗುವುದು ಯಾವುದು? ಮತ್ತೆ, ಉರಿಯೂತದಿಂದಲೇ ಕಿಡ್ನಿ ಇಷ್ಟು ಹಾಳಾಗುವುದಾದರೆ ಅದನ್ನು ನೇರವಾಗಿ ತಡೆಯುವ ಔಷಧಿ ಯಾಕೆ ಬಂದಿಲ್ಲ? ಗೈಡ್ ಇದನ್ನೇ ಕೇಳುತ್ತಾರೆ, ಗ್ಯಾರಂಟಿ.

ನೆಫ್ರೋ_ರಾತ್ರಿಪಾಳಿ:
ಮೊದಲು ಯಾವುದು ಅಂತ ಹುಡುಕಬೇಡಿ, ಸಿಗುವುದಿಲ್ಲ. ಟ್ಯೂಬ್ಯೂಲ್‌ನ (ಕಿಡ್ನಿಯ ಸಣ್ಣ ಕೊಳವೆಯ) ಒಂದು ಜೀವಕೋಶ ಹಿಡಿದು ನೋಡಿ. ಸಕ್ಕರೆ ಅಂಟಿ ಕೆಟ್ಟ ಪ್ರೋಟೀನ್‌ಗಳು ರೇಜ್ ರಿಸೆಪ್ಟರ್‌ಗೆ (ಜೀವಕೋಶದ ಮೇಲೆ ಸಂದೇಶ ಹಿಡಿಯುವ ಪ್ರೋಟೀನ್) ಕೂರುತ್ತವೆ, ಬಿಪಿ ಏರಿಸುವ ಹಾರ್ಮೋನ್ ಆಂಜಿಯೋಟೆನ್ಸಿನ್-2 ತನ್ನ ರಿಸೆಪ್ಟರ್ ಒತ್ತುತ್ತದೆ, ಗ್ಲೋಮೆರುಲಸ್‌ನಿಂದ (ರಕ್ತ ಸೋಸುವ ನಾಳಗಳ ಗೊಂಚಲು) ಸೋರಿ ಬಂದ ರಕ್ತದ ಪ್ರೋಟೀನ್ ಆಲ್ಬುಮಿನ್ ಅನ್ನು ಜೀವಕೋಶ ಒಳಗೆಳೆದುಕೊಳ್ಳುತ್ತದೆ. ಬಾಗಿಲು ಮೂರು, ಒಳಗೆ ಎಬ್ಬಿಸುವುದು ಒಬ್ಬನನ್ನೇ, ಎನ್‌ಎಫ್-ಕಪ್ಪಾ-ಬಿ. ಮಾಮೂಲಿ ದಿನಗಳಲ್ಲಿ ಅದನ್ನು ಐ-ಕಪ್ಪಾ-ಬಿ ಅನ್ನುವ ಪ್ರೋಟೀನ್ ಹಿಡಿದಿಟ್ಟಿರುತ್ತದೆ. ಐಕೆಕೆ ಕೈನೇಸ್ ಬಂದು ಅದಕ್ಕೆ ಫಾಸ್ಫೇಟ್ ಹಚ್ಚಿದರೆ ಹಿಡಿತ ತಪ್ಪುತ್ತದೆ, ಎನ್‌ಎಫ್-ಕಪ್ಪಾ-ಬಿ ನ್ಯೂಕ್ಲಿಯಸ್‌ಗೆ ಹೋಗಿ ಎಂಸಿಪಿ-1, ಐಎಲ್-6, ಟಿಎನ್‌ಎಫ್ ಅನ್ನುವ ಸೈಟೊಕೈನ್‌ಗಳ (ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್) ಜೀನ್‌ಗಳನ್ನು ಆನ್ ಮಾಡುತ್ತದೆ.

ಇಲ್ಲಿಂದ ನಿಮ್ಮ ಮೂರೂ ಪೇಪರ್ ಕೂಡಿಕೊಳ್ಳುತ್ತವೆ. ಹೊರಗೆ ಬಂದ ಐಎಲ್-6 ಪಕ್ಕದ ಜೀವಕೋಶದಲ್ಲಿ ಜ್ಯಾಕ್-ಸ್ಟ್ಯಾಟ್ ಶುರು ಮಾಡುತ್ತದೆ. ಎನ್‌ಎಲ್‌ಆರ್‌ಪಿ3ಯನ್ನೂ ಐಎಲ್-1ಬೀಟಾ ಅನ್ನುವ ಇನ್ನೊಂದು ಸೈಟೊಕೈನ್‌ನ ಕಚ್ಚಾ ರೂಪವನ್ನೂ ಮಾಡಿಸುವುದು ಇದೇ ಎನ್‌ಎಫ್-ಕಪ್ಪಾ-ಬಿ. ಆಮೇಲೆ ಮೈಟೋಕಾಂಡ್ರಿಯಾದಿಂದ ಆಕ್ಸಿಡೇಟಿವ್ ಸ್ಟ್ರೆಸ್‌ನಂಥ ಎರಡನೇ ಸಿಗ್ನಲ್ ಬಂದಾಗ ಇನ್‌ಫ್ಲಮಸೋಮ್ ಜೋಡಣೆಯಾಗುತ್ತದೆ, ಕ್ಯಾಸ್ಪೇಸ್-1 ಆ ಕಚ್ಚಾ ರೂಪವನ್ನು ಕತ್ತರಿಸಿ ಬಿಡುಗಡೆ ಮಾಡುತ್ತದೆ. ಎಂಸಿಪಿ-1 ರಕ್ತದಿಂದ ಮಾನೋಸೈಟ್ ಅನ್ನುವ ಬಿಳಿ ರಕ್ತಕಣಗಳನ್ನು ಕರೆಸುತ್ತದೆ, ಅವು ಮ್ಯಾಕ್ರೋಫೇಜ್ ಆಗಿ ಟಿಜಿಎಫ್-ಬೀಟಾ ಅನ್ನುವ ಪ್ರೋಟೀನ್ ಸುರಿಯುತ್ತವೆ, ಕೊಲಾಜೆನ್ ಕಟ್ಟಿ ಫೈಬ್ರೋಸಿಸ್ ಆಗುತ್ತದೆ. ಹೀಗೆ ನೆಫ್ರಾನ್ (ಕಿಡ್ನಿಯ ಸೋಸುವ ಘಟಕ) ಸತ್ತಷ್ಟೂ ಉಳಿದವುಗಳ ಮೇಲೆ ಒತ್ತಡ, ಇನ್ನೂ ಜಾಸ್ತಿ ಆಲ್ಬುಮಿನ್ ಸೋರಿಕೆ, ಮತ್ತೆ ಅದೇ ಸುತ್ತು.

ಟ್ರಯಲ್_ಹುಳ:
ಎರಡನೇ ಪ್ರಶ್ನೆಗೆ ನಾನು ಬರುತ್ತೇನೆ. ಪ್ರಯತ್ನ ಮಾಡಿಲ್ಲ ಅಂತಲ್ಲ, ಮಾಡಿ ಕೈಸುಟ್ಟುಕೊಂಡಿದ್ದಾರೆ. ಬ್ಯಾರಿಸಿಟಿನಿಬ್ ಅನ್ನುವ ಮಾತ್ರೆ ಜ್ಯಾಕ್-ಸ್ಟ್ಯಾಟ್ ದಾರಿಯ ಜ್ಯಾಕ್1, ಜ್ಯಾಕ್2 ಎರಡನ್ನೂ ತಡೆಯುತ್ತದೆ. 2018ರಲ್ಲಿ ಬಂದ 129 ಜನರ ಫೇಸ್ 2 ಟ್ರಯಲ್‌ನಲ್ಲಿ ದಿನಕ್ಕೆ 4 ಮಿಗ್ರಾಂ ತಗೊಂಡವರಿಗೆ 24 ವಾರದಲ್ಲಿ ಮೂತ್ರದ ಆಲ್ಬುಮಿನ್ ಪ್ಲಾಸಿಬೋಗಿಂತ ಸುಮಾರು 41% ಇಳಿಯಿತು. ಚೆನ್ನಾಗಿದೆ ಅಲ್ವಾ? ಆದರೆ ಹಿಮೋಗ್ಲೋಬಿನ್ ಕೂಡ ಇಳಿಯಿತು. ಕೆಂಪು ರಕ್ತಕಣ ಮಾಡಿಸುವ ಹಾರ್ಮೋನ್ ಎರಿಥ್ರೋಪೊಯೆಟಿನ್‌ನ ಸಂದೇಶ ಹೋಗುವುದೂ ಜ್ಯಾಕ್2 ಮೂಲಕವೇ, ಕಿಡ್ನಿ ರೋಗಿಗಳಿಗೆ ಮೊದಲೇ ರಕ್ತ ಕಡಿಮೆ.

ಉರಿಯೂತ ತಗ್ಗಿಸುವ ಇನ್ನೊಂದು ಔಷಧಿ ಬಾರ್ಡೊಕ್ಸೊಲೋನ್ ಕಥೆ ಇನ್ನೂ ಕೆಟ್ಟದ್ದು. 2011ರಲ್ಲಿ ಇಜಿಎಫ್ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು) ಏರಿತು ಅಂತ ಎಲ್ಲರೂ ಕುಣಿದರು, ಅದರ ಜೊತೆ ಆಲ್ಬುಮಿನ್ ಸೋರಿಕೆಯೂ ಏರಿದ್ದನ್ನು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲಿಲ್ಲ. ಮುಂದೆ 2185 ಜನರ ಬೀಕನ್ ಟ್ರಯಲ್ ಅನ್ನು 2012ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಔಷಧಿ ತಗೊಂಡವರಲ್ಲಿ ಹಾರ್ಟ್ ಫೇಲ್ಯೂರ್ ಜಾಸ್ತಿಯಾಗಿತ್ತು. ಇಜಿಎಫ್ಆರ್ ಏರಿದರೆ ಕಿಡ್ನಿ ಸರಿಹೋಯಿತು ಅಂತ ಸ್ಲೈಡ್‌ನಲ್ಲಿ ಬರೆಯಬೇಡಿ, ದಯವಿಟ್ಟು.

ಗೆದ್ದ ಔಷಧಿಗಳೆಲ್ಲ ಮೇಲಿನ ಹಂತದಲ್ಲೇ ಕೈಹಾಕಿದವು. 2001ರಲ್ಲಿ ಬಿಪಿ ಮಾತ್ರೆ ಲೋಸಾರ್ಟನ್, 2019ರಲ್ಲಿ ಶುಗರ್ ಮಾತ್ರೆ ಕ್ಯಾನಾಗ್ಲಿಫ್ಲೋಜಿನ್, ಎರಡೂ ಗ್ಲೋಮೆರುಲಸ್ ಒಳಗಿನ ಒತ್ತಡ ಇಳಿಸುತ್ತವೆ, ಉರಿಯೂತ ಅದರ ಹಿಂದೆ ತಾನೇ ತಗ್ಗುತ್ತದೆ. ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಫಿನರೆನೋನ್. ಅದು ಮಿನರಲೊಕಾರ್ಟಿಕಾಯ್ಡ್ ರಿಸೆಪ್ಟರ್ (ಆಲ್ಡೋಸ್ಟೆರೋನ್ ಹಾರ್ಮೋನ್ ಕೂರುವ ಜಾಗ) ತಡೆಯುತ್ತದೆ, ಆ ರಿಸೆಪ್ಟರ್ ಮ್ಯಾಕ್ರೋಫೇಜ್‌ನಲ್ಲೂ ಇದೆ. 2020ರ ಫಿಡೆಲಿಯೋ ಟ್ರಯಲ್‌ನಲ್ಲಿ ಕಿಡ್ನಿ ಹಾಳಾಗುವ ಅಪಾಯ 18% ಕಡಿಮೆಯಾಯಿತು. ನನ್ನ ಪ್ರಕಾರ ಒಂದೇ ಸೈಟೊಕೈನ್ ಹಿಡಿದು ಕಟ್ಟಿಹಾಕುವ ದಾರಿ ಇಲ್ಲಿ ನಡೆಯುವುದು ಕಷ್ಟ.

ಅಪ್ಪನ_ಫೈಲು:
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಅಪ್ಪನಿಗೆ ಶುಗರ್ ಇದೆ, ಮೂತ್ರದ ಆಲ್ಬುಮಿನ್ ರಿಪೋರ್ಟ್ 300 ದಾಟಿದೆ. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾರೆ. ಅದೂ ಉರಿಯೂತ ಇಳಿಸುವ ಮಾತ್ರೆಯೇ ಅಲ್ವಾ, ಕಿಡ್ನಿಗೂ ಒಳ್ಳೆಯದೇ ಆಗಬೇಕಲ್ಲ? ಚಿಕ್ಕಪ್ಪ ಬೇರೆ ಅರಿಶಿನದ ಕ್ಯಾಪ್ಸೂಲ್ ಕೊಡಿ ಅನ್ನುತ್ತಿದ್ದಾರೆ.

ನೆಫ್ರೋ_ರಾತ್ರಿಪಾಳಿ:
ಡೈಕ್ಲೋಫೆನಾಕ್ ಇವತ್ತೇ ನಿಲ್ಲಿಸಿ. ಅದು ತಡೆಯುವುದು ಕಾಕ್ಸ್ ಎಂಜೈಮ್ ಅನ್ನು, ಮೇಲೆ ಬರೆದ ಸುತ್ತನ್ನಲ್ಲ. ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ತೆರೆದಿಡುವ ಪ್ರೋಸ್ಟಾಗ್ಲಾಂಡಿನ್ ಆ ಎಂಜೈಮ್‌ನಿಂದಲೇ ಬರುವುದು, ಅದು ನಿಂತರೆ ನಾಳ ಬಿಗಿಯುತ್ತದೆ. ಜೊತೆಗೆ ಲೋಸಾರ್ಟನ್ ಥರದ ಬಿಪಿ ಮಾತ್ರೆ, ಮೂತ್ರ ಹೋಗುವ ಮಾತ್ರೆ ಇದ್ದರಂತೂ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ತ್ಯಾಜ್ಯ) ಕೆಲವೇ ದಿನದಲ್ಲಿ ಏರಬಹುದು. ಹಾಗಂತ ಆ ಬಿಪಿ ಮಾತ್ರೆ ನಿಲ್ಲಿಸಬೇಡಿ, ನೋವಿಗೆ ಬೇರೆ ಏನು ಅಂತ ಡಾಕ್ಟರ್ ಹತ್ತಿರ ಕೇಳಿ. ಸಾರಿಗೆ ಹಾಕುವ ಅರಿಶಿನಕ್ಕೆ ತೊಂದರೆ ಇಲ್ಲ. ಕ್ಯಾಪ್ಸೂಲ್ ಬೇಡ, ಅರಿಶಿನದಲ್ಲಿ ಆಕ್ಸಲೇಟ್ ಜಾಸ್ತಿ, ಹೆಚ್ಚು ದಿನ ತಗೊಂಡು ಕಿಡ್ನಿಯಲ್ಲಿ ಆಕ್ಸಲೇಟ್ ಹರಳು ಕಟ್ಟಿದ ಕೇಸ್‌ಗಳಿವೆ. ಮುಂದಿನ ಸಲ ಹೋದಾಗ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡೂ ಮಾಡಿಸಿ, ಮೆಡಿಕಲ್ ಶಾಪ್‌ನಿಂದ ತಂದ ಮಾತ್ರೆಗಳ ಖಾಲಿ ಸ್ಟ್ರಿಪ್ ಸಹ ತಗೊಂಡು ಹೋಗಿ.