ಲೆಡ್ ಜೆಪ್ಲಿನ್ ಅಥವಾ ಡೀಪ್ ಪರ್ಪಲ್: ಒಂದನ್ನೇ ಆರಿಸಿ ಅಂದರೆ ಯಾವುದು?

ಹ್ಯಾಮಂಡ್ ರಂಗ:
ಎಪ್ಪತ್ತರ ದಶಕದ ಇಂಗ್ಲಿಷ್ ರಾಕ್ ಅಂದ ತಕ್ಷಣ ಎಲ್ಲರೂ ಲೆಡ್ ಜೆಪ್ಲಿನ್ ಹೆಸರು ಹೇಳುತ್ತಾರೆ. ಡೀಪ್ ಪರ್ಪಲ್ ಅಂದರೆ 'ಸ್ಮೋಕ್ ಆನ್ ದ ವಾಟರ್', ಅಲ್ಲಿಗೆ ಮುಗೀತು. ಇದು ನನಗೆ ಸರಿ ಕಾಣುವುದಿಲ್ಲ. ಎರಡೂ ಬ್ಯಾಂಡ್ ಹುಟ್ಟಿದ್ದು 1968ರಲ್ಲಿ. ಜೆಪ್ಲಿನ್‌ನ ಜಿಮ್ಮಿ ಪೇಜ್, ಪರ್ಪಲ್‌ನ ರಿಚಿ ಬ್ಲ್ಯಾಕ್‌ಮೋರ್ ಇಬ್ಬರೂ ಲಂಡನ್ನಿನ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡಿಗೆ ಗಿಟಾರ್ ನುಡಿಸಿ ಪಳಗಿದವರು. ಹಾಗಿದ್ದೂ ಒಬ್ಬರಿಗೆ ಪೂಜೆ, ಇನ್ನೊಬ್ಬರಿಗೆ ಒಂದೇ ಹಾಡಿನ ಹೆಸರು!

ನನ್ನ ವೋಟು ಪರ್ಪಲ್‌ಗೆ. ಕಾರಣ ಜಾನ್ ಲಾರ್ಡ್. ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರ್‌ಗೆ ಜೋಡಿಸಿ, ಅದು ಗುರ್ರೆನ್ನುವ ಹಾಗೆ ಮಾಡಿದ ಪುಣ್ಯಾತ್ಮ. 'ಹೈವೇ ಸ್ಟಾರ್'ನಲ್ಲಿ ಮೊದಲು ಆರ್ಗನ್ ಸೋಲೋ, ಆಮೇಲೆ ಗಿಟಾರ್ ಸೋಲೋ. ಎರಡರಲ್ಲೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಖ್‌ನ ನೆರಳಿದೆ, ಆದರೆ ವೇಗ ನೂರು ಮೈಲಿ. ಇಂಥ ಜುಗಲ್‌ಬಂದಿ ಜೆಪ್ಲಿನ್‌ನಲ್ಲಿ ಎಲ್ಲಿದೆ ತೋರಿಸಿ.

ನಾಲ್ಕನೇ ಆಲ್ಬಂ:
ರಂಗಣ್ಣ, ಜುಗಲ್‌ಬಂದಿ ಬೇಕಾದವರಿಗೆ ಪರ್ಪಲ್ ಸರಿ. ನನಗೆ ಬೇಕಾಗಿರುವುದು ಹಾಡು.

ಜೆಪ್ಲಿನ್‌ನ ಮೂರನೇ ಆಲ್ಬಂ ತೆಗೆದುಕೊಳ್ಳಿ. 1970ರಲ್ಲಿ ಪೇಜ್ ಮತ್ತು ಗಾಯಕ ರಾಬರ್ಟ್ ಪ್ಲಾಂಟ್ ವೇಲ್ಸ್‌ನ ಒಂದು ಹಳೇ ಕುಟೀರಕ್ಕೆ ಹೋಗಿ ಕೂತರು. ಬ್ರಾನ್ ಇರ್ ಆರ್ ಅಂತ ಹೆಸರು. ಕರೆಂಟೂ ಇಲ್ಲ, ನಲ್ಲಿ ನೀರೂ ಇಲ್ಲ. ಅಲ್ಲಿ ಹುಟ್ಟಿದ ಹಾಡುಗಳಿಂದ ಆ ಆಲ್ಬಂನ ಎರಡನೇ ಮಗ್ಗುಲು ಪೂರ್ತಿ ಬೇರೆ ಥರ ಆಯಿತು. ಜನ ಇನ್ನೊಂದು 'ಹೋಲ್ ಲಾಟಾ ಲವ್' ಕೊಡಿ ಅಂತ ಕಾಯುತ್ತಿದ್ದಾಗ ಇವರು ಮರದ ಗಿಟಾರ್ ಹಿಡಿದು ಜಾನಪದದ ಕಡೆ ತಿರುಗಿದರು. ಅದು ಧೈರ್ಯ. ಅಬ್ಬರ ಯಾರು ಬೇಕಾದರೂ ಮಾಡಬಹುದು. ಗಿನ್ನೆಸ್ ಪುಸ್ತಕದಲ್ಲಿ ಪರ್ಪಲ್ ಹೆಸರು ಇದ್ದದ್ದೇ ಅತಿ ಜೋರು ಸದ್ದಿನ ಬ್ಯಾಂಡ್ ಅಂತ, 1972ರ ಲಂಡನ್ ಕಾರ್ಯಕ್ರಮಕ್ಕೆ 117 ಡೆಸಿಬೆಲ್!

ಹ್ಯಾಮಂಡ್ ರಂಗ:
ಧೈರ್ಯದ ಮಾತು ಬಂತು, ಒಳ್ಳೇದಾಯಿತು. 1969ರ ಸೆಪ್ಟೆಂಬರ್‌ನಲ್ಲಿ ಜಾನ್ ಲಾರ್ಡ್ ಇಡೀ ಬ್ಯಾಂಡನ್ನು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ಗೆ ಕರೆದುಕೊಂಡು ಹೋಗಿ, ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ತಾನೇ ಬರೆದ ಕಾನ್ಚೆರ್ಟೊ (ಆರ್ಕೆಸ್ಟ್ರಾ ಜೊತೆ ನುಡಿಸುವ ದೊಡ್ಡ ಕೃತಿ) ನುಡಿಸಿದ. ಗಾಯಕ ಇಯಾನ್ ಗಿಲನ್, ಬೇಸ್ ನುಡಿಸುವ ರೋಜರ್ ಗ್ಲೋವರ್ ಬ್ಯಾಂಡಿಗೆ ಸೇರಿ ಆಗಿನ್ನೂ ಕೆಲವೇ ತಿಂಗಳು. ಆಮೇಲೆ ಅದರ ಸ್ವರಲಿಪಿಯೇ ಕಳೆದುಹೋಯಿತು. ನೆದರ್ಲೆಂಡ್ಸ್‌ನ ಮಾರ್ಕೊ ಡಿ ಹೂಯಿ ಅನ್ನುವ ಸಂಗೀತಗಾರ ರೆಕಾರ್ಡಿಂಗ್ ಕೇಳಿ ಕೇಳಿ ಅದನ್ನು ಮತ್ತೆ ಬರೆದ. 1999ರಲ್ಲಿ ಅದೇ ಹಾಲ್‌ನಲ್ಲಿ ಮತ್ತೆ ನುಡಿಸಿದರು. ಬರೀ ಅಬ್ಬರದ ಬ್ಯಾಂಡಿಗೆ ಯಾರಾದರೂ ಇಷ್ಟು ಕಷ್ಟಪಡುತ್ತಾರಾ?

ಹಳೇ ಕ್ಯಾಸೆಟ್:
ಜೆಪ್ಲಿನ್ ಭಕ್ತರು ಒಂದು ವಿಷಯ ಮಾತ್ರ ಎತ್ತುವುದೇ ಇಲ್ಲ. 'ಹೋಲ್ ಲಾಟಾ ಲವ್' ಸಾಹಿತ್ಯದ ದೊಡ್ಡ ಭಾಗ ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ ಹಾಡಿದ 'ಯು ನೀಡ್ ಲವ್'ನಿಂದ ಬಂದದ್ದು. 1985ರಲ್ಲಿ ಡಿಕ್ಸನ್ ಕೇಸು ಹಾಕಿದ, ರಾಜಿ ಆಯಿತು, ಆಮೇಲೆ ಅವನ ಹೆಸರು ಸೇರಿತು. 'ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್' ಜೇಕ್ ಹೋಮ್ಸ್‌ನದು. ಅವನೂ 2010ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಕಪ್ಪು ಜನರ ಬ್ಲೂಸ್ ತೆಗೆದುಕೊಂಡು, ಹೆಸರು ಹಾಕದೆ, ಕೋಟಿಗಟ್ಟಲೆ ದುಡ್ಡು ಮಾಡಿದರು. ಹಾಡು ಚೆನ್ನಾಗಿದೆ ಅಂತ ಇದನ್ನು ಸುಮ್ನೆ ಬಿಟ್ಟುಬಿಡಬೇಕಾ?

ನಾಲ್ಕನೇ ಆಲ್ಬಂ:
ಬಿಡಬೇಡಿ ಸರ್. ಡಿಕ್ಸನ್ ವಿಷಯದಲ್ಲಿ ಸಮರ್ಥನೆ ನನ್ನ ಹತ್ತಿರ ಇಲ್ಲ. ಆದರೆ ಎಲ್ಲರ ಮನೆ ದೋಸೆಯೂ ತೂತೇ. 'ಚೈಲ್ಡ್ ಇನ್ ಟೈಮ್' ಶುರುವಿನ ಆರ್ಗನ್ ಎಲ್ಲಿಂದ ಬಂತು? ಸ್ಯಾನ್ ಫ್ರಾನ್ಸಿಸ್ಕೋದ 'ಇಟ್ಸ್ ಎ ಬ್ಯೂಟಿಫುಲ್ ಡೇ' ಬ್ಯಾಂಡಿನ 'ಬಾಂಬೆ ಕಾಲಿಂಗ್'ನಿಂದ. 'ಬ್ಲ್ಯಾಕ್ ನೈಟ್' ರಿಫ್ (ಮತ್ತೆ ಮತ್ತೆ ಬರುವ ತುಣುಕು) ರಿಕಿ ನೆಲ್ಸನ್ ಹಾಡಿದ 'ಸಮ್ಮರ್‌ಟೈಮ್'ನದು. ಪರ್ಪಲ್‌ನವರೇ ಇದನ್ನೆಲ್ಲ ನಗುನಗುತ್ತಾ ಹೇಳಿಕೊಂಡಿದ್ದಾರೆ.

ಇನ್ನು 'ಸ್ಟೇರ್‌ವೇ ಟು ಹೆವನ್' ಕದ್ದದ್ದು ಅನ್ನುವವರಿಗೆ: ಸ್ಪಿರಿಟ್ ಬ್ಯಾಂಡಿನ 'ಟಾರಸ್' ವಿಷಯದಲ್ಲಿ 2016ರಲ್ಲಿ ಜ್ಯೂರಿ, 2020ರಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ಜೆಪ್ಲಿನ್ ಪರವಾಗಿಯೇ ತೀರ್ಪು ಕೊಟ್ಟಿವೆ.

ಹಳೇ ಕ್ಯಾಸೆಟ್:
ನಗುನಗುತ್ತಾ ಹೇಳಿಕೊಂಡವರಿಗೂ ಕೋರ್ಟಿಗೆ ಎಳೆದ ಮೇಲೆ ಹೆಸರು ಹಾಕಿದವರಿಗೂ ವ್ಯತ್ಯಾಸ ಇದೆ, ಅಲ್ವಾ?

ಹ್ಯಾಮಂಡ್ ರಂಗ:
ನಾನು ಪರ್ಪಲ್ ಕಡೆಯವನು, ಆದರೂ ಹೇಳುತ್ತೇನೆ, ಹೇಳಿಕೊಂಡ ಮಾತ್ರಕ್ಕೆ ಪರ್ಪಲ್‌ನವರೂ ದುಡ್ಡು ಹಂಚಿಕೊಂಡ ಹಾಗಾಗುವುದಿಲ್ಲ. ಈ ದಾರಿಯಲ್ಲಿ ಹೋದರೆ ತೀರ್ಮಾನ ಆಗಲ್ಲ. ನುಡಿಸುವ ವಿಷಯಕ್ಕೆ ಬನ್ನಿ.

ಲಯದ ಲೆಕ್ಕ:
ನುಡಿಸುವ ವಿಷಯ ಅಂದದ್ದಕ್ಕೆ ಬಂದೆ. ನಾನು ಮೃದಂಗದವನು, ರಾಕ್ ಕೇಳುವುದು ಡ್ರಮ್ಸ್‌ಗಾಗಿ.

ಜೆಪ್ಲಿನ್‌ನ 'ಕಾಶ್ಮೀರ್' ಕೇಳುವಾಗ ಕೈಯಲ್ಲಿ ತಾಳ ಹಾಕಿ ನೋಡಿ. ಗಿಟಾರ್ ಮತ್ತು ತಂತಿವಾದ್ಯಗಳ ತುಣುಕು ಮೂರು ಮೂರರ ಲೆಕ್ಕದಲ್ಲಿ ಹೋಗುತ್ತದೆ. ಡ್ರಮ್ಮರ್ ಜಾನ್ ಬೋನಮ್ ಮಾತ್ರ ನಾಲ್ಕು ನಾಲ್ಕು ಬಿಟ್ಟು ಅಲುಗಾಡುವುದಿಲ್ಲ. ಹನ್ನೆರಡಕ್ಕೆ ಎರಡೂ ಬಂದು ಸಮದಲ್ಲಿ ಸೇರುತ್ತವೆ. ನಮ್ಮಲ್ಲಿ ಇದು ದಿನಾ ಮಾಡುವ ಲೆಕ್ಕ. ವಿಶೇಷ ಏನೆಂದರೆ ಬೋನಮ್ ಅದನ್ನು ಲೆಕ್ಕ ಅಂತ ತೋರಿಸಿಕೊಳ್ಳುವುದಿಲ್ಲ. ಜಾಸ್ತಿ ಏನೂ ನುಡಿಸದೆ ಸುಮ್ಮನೆ ನಡೆಯುತ್ತಾನೆ. ಅದಕ್ಕೇ ಆ ಹಾಡು ಎಂಟು ನಿಮಿಷ ದಾಟಿದರೂ ಬೇಜಾರಾಗುವುದಿಲ್ಲ.

ಇನ್ನು 'ವೆನ್ ದ ಲೆವೀ ಬ್ರೇಕ್ಸ್' ಸದ್ದು. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಅಂತ ಒಂದು ಹಳೇ ಕಟ್ಟಡ. ಅದರ ಹಜಾರದಲ್ಲಿ ಡ್ರಮ್ಸ್ ಇಟ್ಟು, ಮೆಟ್ಟಿಲ ಮೇಲುಗಡೆಯಿಂದ ಎರಡು ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದರು. ಡ್ರಮ್ಸ್ ಜೊತೆ ಮನೆಯೂ ಮೊಳಗುತ್ತದೆ. ಚರ್ಮವಾದ್ಯ ನುಡಿಸುವವರಿಗೆ ಗೊತ್ತು, ವಾದ್ಯದಷ್ಟೇ ಮುಖ್ಯ ಅದು ಇರುವ ಕೋಣೆ.

ಪರ್ಪಲ್‌ನ ಡ್ರಮ್ಮರ್ ಇಯಾನ್ ಪೇಸ್ ಕೈ ಬೋನಮ್‌ಗಿಂತ ಚುರುಕು, ಅದರಲ್ಲಿ ಅನುಮಾನ ಇಲ್ಲ. 'ಫೈರ್‌ಬಾಲ್' ಶುರುವಲ್ಲಿ ಕಾಲಿನ ಕೆಲಸ ಕೇಳಿ. ಆದರೆ ನನಗೆ ಚುರುಕಿಗಿಂತ ತೂಕ ಇಷ್ಟ. ವೋಟು ಜೆಪ್ಲಿನ್‌ಗೆ.

ಬೇಸ್ ಬಸವ:
ವಾರಕ್ಕೊಮ್ಮೆ ಸೇರಿ ನುಡಿಸುವ ನಮ್ಮ ಗ್ಯಾರೇಜ್ ಬ್ಯಾಂಡಿನ ಅನುಭವ ಹೇಳ್ತೀನಿ ಗುರು. ಜೆಪ್ಲಿನ್ ಹಾಡು ನುಡಿಸಿದರೆ ಯಾವಾಗಲೂ ಏನೋ ಕಮ್ಮಿ. ಪೇಜ್ ಸ್ಟುಡಿಯೋದಲ್ಲಿ ಗಿಟಾರ್ ಮೇಲೆ ಗಿಟಾರ್ ಪೇರಿಸಿರುತ್ತಾನೆ, ಎರಡು ಕೈಯಲ್ಲಿ ಅದನ್ನು ಯಾರು ನುಡಿಸೋದು? ಪರ್ಪಲ್ ಹಾಗಲ್ಲ. ಐದು ಜನ, ಐದು ಸದ್ದು, ಎಲ್ಲ ಕಣ್ಣೆದುರಿಗೇ ಇದೆ.

ಅದಕ್ಕೇ 'ಮೇಡ್ ಇನ್ ಜಪಾನ್' ಅಂಥ ಲೈವ್ ಆಲ್ಬಂ ಅವರಿಂದ ಬಂತು. 1972ರ ಆಗಸ್ಟ್, ಒಸಾಕಾ ಮತ್ತು ಟೋಕಿಯೋ. ಅದರಲ್ಲಿನ 'ಚೈಲ್ಡ್ ಇನ್ ಟೈಮ್' ಕೇಳಿ, ಗಿಲನ್ ಕೂಗು ಮೇಲೆ ಮೇಲೆ ಹತ್ತುತ್ತಾ ಹೋಗುತ್ತದೆ, ನಮ್ಮ ಎದೆ ಬಡಿತವೂ ಜೊತೆಗೇ. ಸ್ಟುಡಿಯೋ ಹಾಡಿಗಿಂತ ಲೈವ್ ಹಾಡೇ ಚೆನ್ನ ಅನ್ನುವ ಮಾತು ಜೆಪ್ಲಿನ್ ಬಗ್ಗೆ ಹೇಳಕ್ಕಾಗಲ್ಲ. ಅವರ 'ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್' ವೇದಿಕೆ ಮೇಲೆ ಇಪ್ಪತ್ತೈದು ನಿಮಿಷ ದಾಟುತ್ತಿತ್ತು. ಪಿಟೀಲು ಕಮಾನಲ್ಲಿ ಗಿಟಾರ್ ಉಜ್ಜುವುದು ಐದು ನಿಮಿಷ ಚೆನ್ನಾಗಿರುತ್ತೆ. ಆಮೇಲೆ ನಾನು ಕಾಫಿಗೆ ಏಳ್ತೀನಿ.

ಹೊಸ ಕಿವಿ:
ನಾನು ಈಗೀಗ ಕೇಳಲು ಶುರು ಮಾಡಿದವಳು. 'ಸ್ಮೋಕ್ ಆನ್ ದ ವಾಟರ್'ನಲ್ಲಿ ಹೇಳುವ ಬೆಂಕಿ ನಿಜವಾಗಿಯೂ ಹತ್ತಿಕೊಂಡಿತ್ತಾ? ಇನ್ನೊಂದು ಪ್ರಶ್ನೆ, ಪರ್ಪಲ್ ಬಗ್ಗೆ ಓದಿದರೆ ಎಲ್ಲೆಲ್ಲೂ ಮಾರ್ಕ್ ಒಂದು, ಮಾರ್ಕ್ ಎರಡು ಅಂತ ಬರುತ್ತದೆ. ಏನದು?

ಹಳೇ ಕ್ಯಾಸೆಟ್:
ನಿಜ ಕಣಮ್ಮ. 1971ರ ಡಿಸೆಂಬರ್ 4, ಸ್ವಿಟ್ಜರ್ಲೆಂಡಿನ ಮಾಂಟ್ರೋ. ಮಾರನೇ ದಿನದಿಂದ ಅಲ್ಲಿನ ಕ್ಯಾಸಿನೋದಲ್ಲಿ ಪರ್ಪಲ್ ರೆಕಾರ್ಡಿಂಗ್ ಶುರುವಾಗಬೇಕಿತ್ತು. ಅವತ್ತು ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಕಾರ್ಯಕ್ರಮ. ಯಾರೋ ಒಬ್ಬ ಚಾವಣಿಗೆ ಫ್ಲೇರ್ ಗನ್ (ಬೆಳಕಿನ ಸಂಕೇತ ಹಾರಿಸುವ ಪಿಸ್ತೂಲು) ಹಾರಿಸಿದ, ಇಡೀ ಕ್ಯಾಸಿನೋ ಸುಟ್ಟುಹೋಯಿತು. ಹೊಗೆ ಜಿನೀವಾ ಸರೋವರದ ಮೇಲೆ ಹರಡಿದ್ದೇ ಆ ಹಾಡು. ಆಮೇಲೆ ಪೆವಿಲಿಯನ್ ಅನ್ನುವ ಥಿಯೇಟರ್‌ನಲ್ಲಿ ನುಡಿಸಲು ಹೋದರೆ, ಸದ್ದು ತಡೆಯಲಾರದೆ ಊರಿನವರು ಪೊಲೀಸರನ್ನು ಕರೆದರು. ಬ್ಯಾಂಡಿನ ಕೆಲಸದವರು ಬಾಗಿಲು ಒತ್ತಿ ಹಿಡಿದುಕೊಂಡಿದ್ದಾಗ ಒಳಗೆ ಆ ರಿಫ್ ರೆಕಾರ್ಡ್ ಆಯಿತು. ಉಳಿದದ್ದೆಲ್ಲ ಚಳಿಗಾಲಕ್ಕೆ ಮುಚ್ಚಿದ್ದ ಗ್ರಾಂಡ್ ಹೋಟೆಲಿನ ಪಡಸಾಲೆಯಲ್ಲಿ. ರೆಕಾರ್ಡಿಂಗ್ ಲಾರಿ ಹೊರಗೆ ನಿಂತಿತ್ತು, ರೋಲಿಂಗ್ ಸ್ಟೋನ್ಸ್ ಅವರಿಂದ ಬಾಡಿಗೆಗೆ ತಂದದ್ದು. ನುಡಿಸಿದ್ದನ್ನು ಕೇಳಬೇಕಾದರೆ ಬಾಲ್ಕನಿ ದಾಟಿ, ರೂಮು ದಾಟಿ ಅಲ್ಲಿಗೆ ಹೋಗಬೇಕು. ಆ ರಗಳೆಗೆ ಬೇಸತ್ತು ಕೇಳುವುದನ್ನೇ ಬಿಟ್ಟರಂತೆ! ಹಾಗೆ ಬಂದದ್ದು 'ಮೆಷಿನ್ ಹೆಡ್'.

ಮಾರ್ಕ್ ಅಂದರೆ ಜನ ಬದಲಾದಾಗಲೆಲ್ಲ ಹಾಕಿದ ಲೆಕ್ಕ. ಎಲ್ಲದರಲ್ಲೂ ಇದ್ದವನು ಇಯಾನ್ ಪೇಸ್ ಒಬ್ಬನೇ.

ನಾಲ್ಕನೇ ಆಲ್ಬಂ:
ನನ್ನ ಅಸಲಿ ತಕರಾರು ಇರುವುದೇ ಇಲ್ಲಿ. 1980ರ ಸೆಪ್ಟೆಂಬರ್‌ನಲ್ಲಿ ಬೋನಮ್ ತೀರಿಕೊಂಡ. ಬೇರೆ ಡ್ರಮ್ಮರ್ ಸಿಗುತ್ತಿರಲಿಲ್ಲವೇ? ಲಂಡನ್ ತುಂಬ ಇದ್ದರು. ಉಳಿದ ಮೂವರು ನಮ್ಮಿಂದ ಮೊದಲಿನ ಹಾಗೆ ಮುಂದುವರಿಯಲು ಆಗುವುದಿಲ್ಲ ಅಂತ ಡಿಸೆಂಬರ್ 4ರಂದು ಹೇಳಿಕೆ ಕೊಟ್ಟು ಬಾಗಿಲು ಹಾಕಿದರು. (ಮಾಂಟ್ರೋ ಬೆಂಕಿಯ ತಾರೀಕೂ ಅದೇ, ಈಗ ಗಮನಿಸಿದೆ.) ನಾಲ್ಕು ಜನ ಸೇರಿದರೆ ಜೆಪ್ಲಿನ್, ಇಲ್ಲದಿದ್ದರೆ ಇಲ್ಲ. 2007ರಲ್ಲಿ ಲಂಡನ್ನಿನಲ್ಲಿ ಒಂದು ರಾತ್ರಿ ಸೇರಿದಾಗಲೂ ಡ್ರಮ್ಸ್‌ಗೆ ಕೂತದ್ದು ಬೋನಮ್ ಮಗ ಜೇಸನ್. ಪರ್ಪಲ್‌ನಲ್ಲಿ ಗಾಯಕ ಹೋದರೆ ಇನ್ನೊಬ್ಬ ಗಾಯಕ, ಬ್ಲ್ಯಾಕ್‌ಮೋರ್ ಹೋದರೆ ಟಾಮಿ ಬೋಲಿನ್, ಆಮೇಲೆ ಸ್ಟೀವ್ ಮೋರ್ಸ್. ಇದು ಬ್ಯಾಂಡಾ, ಕಂಪನಿಯಾ?

ಹ್ಯಾಮಂಡ್ ರಂಗ:
ಜನ ಬದಲಾದದ್ದರಿಂದ ಏನು ಸಿಕ್ಕಿತು ಅನ್ನುವುದನ್ನೂ ನೋಡಿ. 1973ರಲ್ಲಿ ಗಿಲನ್, ಗ್ಲೋವರ್ ಹೊರಟರು. ರೆಡ್‌ಕಾರ್ ಅನ್ನುವ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ, ಯಾರಿಗೂ ಗೊತ್ತಿಲ್ಲದ ಡೇವಿಡ್ ಕವರ್‌ಡೇಲ್‌ನನ್ನು ತಂದು ನಿಲ್ಲಿಸಿದರು. ಬೇಸ್‌ಗೆ ಗ್ಲೆನ್ ಹ್ಯೂಸ್, ಅವನೂ ಹಾಡುವವನೇ. 1974ರ 'ಬರ್ನ್' ಆ ಇಬ್ಬರ ಗಂಟಲಿನ ಆಲ್ಬಂ. ಹೊಸಬನ ಮೇಲೆ ಅಷ್ಟು ನಂಬಿಕೆ ಇಟ್ಟ ಇನ್ನೊಂದು ದೊಡ್ಡ ಬ್ಯಾಂಡ್ ನನಗೆ ನೆನಪಾಗುತ್ತಿಲ್ಲ. 1984ರಲ್ಲಿ ಹಳಬರು ಮತ್ತೆ ಸೇರಿ 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಕೊಟ್ಟರಲ್ಲ, ಅದರಲ್ಲೇನು ಕೊರತೆ?

ನಿಲ್ಲಿಸಿದವರನ್ನು ದೊಡ್ಡವರು ಅನ್ನುವುದು ಸುಲಭ. ಅವರ ಕೆಟ್ಟ ಆಲ್ಬಂ ನಾವು ಕೇಳಬೇಕಾಗಿ ಬರಲಿಲ್ಲ.

ಲಯದ ಲೆಕ್ಕ:
ಆ ಕೊನೇ ಮಾತು ಒಪ್ಪಿದೆ. ಪರ್ಪಲ್‌ನ ಎಂಬತ್ತರ ದಶಕದ ಕೊನೆಯ ಆಲ್ಬಂಗಳು ನೀರಸ ಅನ್ನುವುದೂ ಅಷ್ಟೇ ನಿಜ. ಆದರೂ ನನಗೆ ಬ್ಯಾಂಡ್ ಅಂದರೆ ಬಿರುದಲ್ಲ, ಇಂಥವನ ಕೈ ಇಂಥವನ ಜೊತೆ ಕೂಡುವುದು. ಬೋನಮ್ ಜಾಗದಲ್ಲಿ ಇನ್ನೊಬ್ಬ ಕೂತಿದ್ದರೆ 'ಕಾಶ್ಮೀರ್'ನಲ್ಲಿ ಹನ್ನೆರಡಕ್ಕೆ ಸೇರುತ್ತಿತ್ತು, ಆ ತೂಕ ಇರುತ್ತಿರಲಿಲ್ಲ.

ಹೊಸ ಕಿವಿ:
ನಿನ್ನೆ ರಾತ್ರಿ 'ಮೇಡ್ ಇನ್ ಜಪಾನ್' ಪೂರ್ತಿ, ಇವತ್ತು ಬೆಳಿಗ್ಗೆ ಜೆಪ್ಲಿನ್ ನಾಲ್ಕನೆಯದು ಕೇಳಿದೆ. ಜಪಾನ್ ಮುಗಿದಾಗ ನಾನೇ ಓಡಿ ಬಂದ ಹಾಗೆ ಸುಸ್ತು. ನಾಲ್ಕನೆಯದರಲ್ಲಿ 'ಲೆವೀ' ಮಾತ್ರ ಮತ್ತೆ ಮತ್ತೆ ಹಾಕಿದೆ. 'ಸ್ಟೇರ್‌ವೇ' ಬಗ್ಗೆ ಅಷ್ಟೆಲ್ಲ ಯಾಕೆ ಹೇಳುತ್ತಾರೋ, ನನಗೆ ಅಷ್ಟೇನೂ ಹಿಡಿಸಲಿಲ್ಲ. ಸದ್ಯಕ್ಕೆ ಪರ್ಪಲ್. ಬೈಯಬೇಡಿ.

ನಾಲ್ಕನೇ ಆಲ್ಬಂ:
'ಸ್ಟೇರ್‌ವೇ' ಹಿಡಿಸಲಿಲ್ಲ ಅಂದವರಿಗೆ ಬೈಯುವುದಿಲ್ಲ, 'ಫಿಸಿಕಲ್ ಗ್ರಾಫಿಟಿ' ಕೊಡುತ್ತೇವೆ. ಕೇಳಿ ಬನ್ನಿ, ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಬೇಸ್ ಬಸವ:
ನನ್ನ ವೋಟು ಪರ್ಪಲ್‌ಗೆ ಅಂತ ಬರೆದುಕೊಳ್ಳಿ. ಅಂದ ಹಾಗೆ ನಮ್ಮ ಗ್ಯಾರೇಜ್‌ಗೆ ಕೀಬೋರ್ಡ್ ನುಡಿಸುವವರು ಬೇಕಾಗಿದ್ದಾರೆ. ಪರ್ಪಲ್‌ನ 'ಲೇಜಿ' ನುಡಿಸಲು ಬರುವವರು ಯಾರಾದರೂ ಇದ್ದರೆ ಮೆಸೇಜ್ ಹಾಕಿ. ಜೆಪ್ಲಿನ್ ಕಡೆಯವರಾದರೂ ಪರವಾಗಿಲ್ಲ.