ಸಹಾಯ ಬೇಕು: ಬ್ಯಾಂಕ್ ಲಾಭದಲ್ಲಿ ಒಳಗಿನ ಕಾರಣ ಯಾವುದು, ಹೊರಗಿನದು ಯಾವುದು?

ಎಲ್ಲರಿಗೂ ನಮಸ್ಕಾರ. ಎಂ.ಕಾಂ. ಪ್ರಾಜೆಕ್ಟಿಗೆ ಕೆನರಾ ಬ್ಯಾಂಕಿನ ಲಾಭದ ಏರಿಳಿತ ತೆಗೆದುಕೊಂಡಿದ್ದೇನೆ. 2015ರಿಂದ 2025ರವರೆಗೆ.

ವಸೂಲಾಗದ ಸಾಲ, ಅದಕ್ಕೆ ತೆಗೆದಿಡುವ ಹಣ, ಸಂಬಳದ ಖರ್ಚು, ಒಟ್ಟು ಠೇವಣಿಯಲ್ಲಿ ಉಳಿತಾಯ ಖಾತೆಗಳ ಪಾಲು ಇವೆಲ್ಲ ಒಳಗಿನವು. ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ), ಹಣದುಬ್ಬರ, ಜಿಡಿಪಿ ಹೊರಗಿನವು. ಇಲ್ಲಿವರೆಗೆ ಸರಿ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಸೇರಿತಲ್ಲ, ಅಲ್ಲೇ ಸಿಕ್ಕಿಕೊಂಡಿದ್ದೇನೆ. ಅದಕ್ಕೂ ಹಿಂದಿನ ವರ್ಷಗಳಿಗೆ ಎರಡೂ ಬ್ಯಾಂಕಿನ ಲೆಕ್ಕ ಕೂಡಿಸಬೇಕಾ? ವಿಲೀನ ಸರ್ಕಾರದ ತೀರ್ಮಾನ, ಹಾಗಾಗಿ ಅದು ಹೊರಗಿನ ಕಾರಣವಾ? ಸಾಲದ್ದಕ್ಕೆ ಕೋವಿಡ್ ಕೂಡ ಅದೇ ಹೊತ್ತಿಗೆ ಬಂತು!

ಇನ್ನೊಂದು ಗೊಂದಲ. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರೆಪೊ ಶೇ. 4ರಿಂದ 6.5ಕ್ಕೆ ಏರಿತು. ರೆಪೊಗೆ ಜೋಡಿಸಿದ ಗೃಹಸಾಲದ ಬಡ್ಡಿ ಬೇಗ ಏರುತ್ತದೆ, ಹಳೆ ಠೇವಣಿಗೆ ಅವಧಿ ಮುಗಿಯುವವರೆಗೂ ಹಳೆ ದರವೇ. ಆಗ ಬಂದ ಹೆಚ್ಚಿನ ಲಾಭ ಬ್ಯಾಂಕಿನ ಜಾಣತನವಾ, ರೆಪೊ ಪುಣ್ಯವಾ? ನಮ್ಮ ಗೈಡ್ ಸುಮ್ನೆ "ರಿಗ್ರೆಶನ್ ಹಾಕಿ" ಅಂದುಬಿಟ್ಟರು, ಅಂದರೆ ಯಾವ ಕಾರಣಕ್ಕೆ ಲಾಭ ಎಷ್ಟು ಬದಲಾಗುತ್ತದೆ ಎಂದು ಅಂದಾಜು ಮಾಡುವ ಸಂಖ್ಯಾಶಾಸ್ತ್ರದ ಲೆಕ್ಕ. ಹತ್ತು ವರ್ಷದ ಹತ್ತೇ ಅಂಕಿಗೆ ಅದು ನಿಲ್ಲುತ್ತದಾ? ತ್ರೈಮಾಸಿಕ ಲೆಕ್ಕ ತೆಗೆದುಕೊಳ್ಳಲಾ?

ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಇಂಥ ಪ್ರಾಜೆಕ್ಟ್ ಮಾಡಿದವರು ದಯವಿಟ್ಟು ಹೇಳಿ. ಮುಂದಿನ ವಾರ ಸಿನಾಪ್ಸಿಸ್ ಕೊಡಬೇಕು.